ಜ್ಯೋತಿ: ನಾವು ಕೇಳದೆ ಬಿಟ್ಟ ಒಂದು ಧ್ವನಿಮುದ್ರಿಕೆ

ಊರೊಂದರ ಸಂಗೀತಸಂಪತ್ತನ್ನು ಎಣಿಸಹೊರಟವರು ಸಾಮಾನ್ಯವಾಗಿ ಅಲ್ಲಿ ನಡೆದ ಕಛೇರಿಗಳನ್ನೂ ಬಾಳಿದ ವಿದ್ವಾಂಸರನ್ನೂ ಲೆಕ್ಕ ಹಾಕುತ್ತಾರೆ. ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಈ ಲೆಕ್ಕದಲ್ಲಿ ಕೊರತೆಯೇನೂ ಇಲ್ಲ. 1905ರಲ್ಲಿ ಹುಟ್ಟಿದ ಗಾಯನ ಸಮಾಜವುಂಟು. 1939ರಲ್ಲಿ ಚಾಮರಾಜಪೇಟೆಯಲ್ಲಿ ಸ್ಥಾಪಿತವಾಗಿ, ರಾಮನವಮಿಯ ಸಂಗೀತೋತ್ಸವವನ್ನು ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಒಂದು ಸಂಪ್ರದಾಯವನ್ನಾಗಿಯೇ ಮಾಡಿದ ಶ್ರೀರಾಮ ಸೇವಾ ಮಂಡಳಿಯುಂಟು. ಮಲ್ಲೇಶ್ವರ ಬಸವನಗುಡಿಗಳ ಸಭೆಗಳೂ ದೇವಸ್ಥಾನಗಳೂ ಉಂಟು. ಇವುಗಳಲ್ಲಿ ನಡೆದುದನ್ನು ನಾವು ಅಕ್ಕರೆಯಿಂದ ನೆನೆಯುತ್ತೇವೆ. ಚಲನಚಿತ್ರದ ಹಾಡುಗಳನ್ನು ಅದಕ್ಕಿಂತ ಹೆಚ್ಚು ನೆನೆಯುತ್ತೇವೆ. ಭಾವಗೀತೆಗಳನ್ನೂ ಜನಪದ ಗೀತೆಗಳನ್ನೂ ಮರೆತಿಲ್ಲ. ಹೀಗೆ ನಮ್ಮ ನೆನಪೆಂಬ ಗೋಡೆಯಲ್ಲಿ ನಾಲ್ಕು ಗೂಡುಗಳಿವೆ. ಬಂದ ವಸ್ತು ಈ ನಾಲ್ಕರಲ್ಲಿ ಒಂದಕ್ಕೆ ಹೊಂದಿದರೆ ಅದು ಉಳಿಯುತ್ತದೆ. ಯಾವುದಕ್ಕೂ ಹೊಂದದ ವಸ್ತು ಎಷ್ಟೇ ಬೆಲೆಯುಳ್ಳದ್ದಾಗಲಿ, ಇಡಲು ಎಡೆಯಿಲ್ಲದ ಕಾರಣಕ್ಕಾಗಿಯೇ ಕೈಜಾರುತ್ತದೆ.

ಹಾಗೆ ಕೈಜಾರಿದ ವಸ್ತುವೊಂದರ ವಿಷಯವಾಗಿ ಈ ಭಾನುವಾರ ನಾಲ್ಕು ಮಾತು ಬರೆಯಬೇಕೆನಿಸಿದೆ. ಅದು 'ಜ್ಯೋತಿ' ಎಂಬ ಹೆಸರಿನ ಒಂದು ಧ್ವನಿಮುದ್ರಿಕೆ. 1983ರ ಫೆಬ್ರವರಿಯಲ್ಲಿ, ಅಂದಿನ ಪಶ್ಚಿಮ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಎಂಬ ಪಟ್ಟಣದಲ್ಲಿ ಅದನ್ನು ಮುದ್ರಿಸಿಕೊಂಡರು. ಪ್ರಕಟಿಸಿದವರು ಮ್ಯೂನಿಕ್ ನಗರದ ಇ.ಸಿ.ಎಂ. ಎಂಬ ಸಂಸ್ಥೆಯವರು, 1969ರಲ್ಲಿ ಆರಂಭವಾದ ಈ ಸಂಸ್ಥೆ ಜಾಝ್ ಸಂಗೀತದ ಲೋಕದಲ್ಲಿ ದೊಡ್ಡ ಹೆಸರನ್ನು ಗಳಿಸಿದೆ. ಮುದ್ರಿಕೆಯ ಮುಖಪುಟದಲ್ಲಿ ಎರಡು ಹೆಸರುಗಳಿವೆ. ಮೊದಲನೆಯದು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರದು. ಎರಡನೆಯದು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಅಂದರೆ ತಾಳವಾದ್ಯಗಳ ಶಾಲೆಯದು. ನಾನು ಓದಿದ ಕನ್ನಡದ ಸಂಗೀತ ಬರಹಗಳಲ್ಲಿ ಈ ಮುದ್ರಿಕೆಯ ಮಾತು ಬಂದದ್ದು ತೀರ ವಿರಳ. ಬೆಂಗಳೂರಿನ ಐವರಲ್ಲಿ ನಾಲ್ವರು ಎಂಬಂತೆ ನಮ್ಮವರೇ ತುಂಬಿರುವ ಒಂದು ಕೃತಿ ನಮ್ಮಲ್ಲಿಯೇ ಅಪರಿಚಿತವಾಗಿರುವುದು ಯೋಚಿಸತಕ್ಕ ವಿಷಯ.

ಮೊದಲು ಮರಿಯಾನೊ ಅವರ ಪರಿಚಯವನ್ನು ಸ್ವಲ್ಪದರಲ್ಲಿ ಮಾಡಿಕೊಳ್ಳೋಣ. ಅವರು ಹುಟ್ಟಿದ್ದು 1923ರ ನವೆಂಬರಿನಲ್ಲಿ, ಬಾಸ್ಟನ್ ನಗರದಲ್ಲಿ, ಇಟಲಿಯಿಂದ ವಲಸೆ ಬಂದ ಒಂದು ಕುಟುಂಬದಲ್ಲಿ. ಯೌವನದಲ್ಲಿಯೇ ಜಾಝ್ ವಾದಕರೆಂದು ಹೆಸರಾದರು. ಸ್ಟ್ಯಾನ್ ಕೆಂಟನ್ ಅವರ ಪ್ರಸಿದ್ಧ ವಾದ್ಯವೃಂದದಲ್ಲಿದ್ದರು. 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ಮಹತ್ವದ ಧ್ವನಿಮುದ್ರಿಕೆಯೊಂದರಲ್ಲಿ ನುಡಿಸಿದರು. ಬಾಸ್ಟನ್ನಿನ ಬರ್ಕ್ಲೀ ಸಂಗೀತ ವಿದ್ಯಾಲಯದಲ್ಲಿ ಅಧ್ಯಾಪಕರೂ ಆಗಿದ್ದರು. ಇಷ್ಟಾದ ಮೇಲೆ ಸಾಮಾನ್ಯವಾಗಿ ಒಬ್ಬ ಕಲಾವಿದ ತಾನು ಗಳಿಸಿದ್ದರ ಮೇಲೆ ಕುಳಿತುಕೊಳ್ಳುತ್ತಾನೆ. ಇವರು ಹಾಗೆ ಮಾಡಲಿಲ್ಲ. 1960ರ ದಶಕದ ನಡುವಿನಲ್ಲಿ ಮಲೇಷ್ಯಾದ ರೇಡಿಯೋ ವಾದ್ಯವೃಂದದೊಡನೆ ಕೆಲಸ ಮಾಡಲು ಹೋದಾಗ ಅಲ್ಲಿನ ದಕ್ಷಿಣ ಭಾರತೀಯರ ನಾಗಸ್ವರವನ್ನು ಕೇಳಿದರು, ಮರುಳಾದರು, ನಲವತ್ತು ದಾಟಿದ ವಯಸ್ಸಿನಲ್ಲಿ ಅದನ್ನು ಕಲಿಯಲಾರಂಭಿಸಿದರು. ಮುಂದೆ ದಕ್ಷಿಣ ಭಾರತಕ್ಕೂ ಬಂದು ಆ ಕಲಿಕೆಯನ್ನು ಮುಂದುವರಿಸಿದರು.

ಅದೇ ಕಾಲದಲ್ಲಿ ಅವರು ರಾಕ್ ಸಂಗೀತಕ್ಕೂ ಕೈಹಾಕಿದರು. 1970ರ ದಶಕದ ಮೊದಲ ಅರ್ಧದಲ್ಲಿ ಅವರು ಎಂಬ್ರಿಯೋ ಎಂಬ ಜರ್ಮನ್ ರಾಕ್ ತಂಡದಲ್ಲಿದ್ದರು. 1969ರಲ್ಲಿ ಕ್ರಿಶ್ಚಿಯನ್ ಬುರ್ಕಾರ್ಡ್ ಎಂಬವರು ಮ್ಯೂನಿಕ್ಕಿನಲ್ಲಿ ಕಟ್ಟಿದ ತಂಡ ಅದು. ವಿದ್ಯುತ್ ಗಿಟಾರ್, ಡ್ರಮ್ಮುಗಳ ಅಬ್ಬರದ ನಡುವೆ ನಾಗಸ್ವರವನ್ನು ಊದಿದ ವಿಚಿತ್ರ ಸನ್ನಿವೇಶ 1973ರ 'ವಿ ಕೀಪ್ ಆನ್' ಎಂಬ ಅವರ ಧ್ವನಿಮುದ್ರಿಕೆಯಲ್ಲಿ ದಾಖಲಾಗಿದೆ. ನಮ್ಮ ದೇವಸ್ಥಾನದ ಪ್ರಾಕಾರದಲ್ಲಿ, ಮದುವೆಯ ಚಪ್ಪರದಲ್ಲಿ ಮೊಳಗುವ ಓಲಗ, ಯೂರೋಪಿನ ತರುಣರು ಕೂದಲು ಬೆಳೆಸಿ ಕುಣಿಯುವ ಸಭೆಯಲ್ಲಿ ಮೊಳಗಿತೆಂದರೆ ಇಂದಿಗೂ ಕೆಲವರಿಗೆ ನಗು ಬಂದೀತು. ಆದರೆ ತೆರೆದ ಬಯಲಿನಲ್ಲಿ ನೂರಾರು ಜನರ ಗದ್ದಲವನ್ನು ಮೀರಿ ಕೇಳಿಸುವಂತೆ ರೂಪುಗೊಂಡ ವಾದ್ಯ ನಾಗಸ್ವರ. ವಿದ್ಯುತ್ತಿನ ವಾದ್ಯಗಳ ಎದುರು ತಲೆಯೆತ್ತಿ ನಿಲ್ಲಬಲ್ಲ ಭಾರತೀಯ ವಾದ್ಯ ಯಾವುದು ಎಂದು ಹುಡುಕಿದ್ದರೆ ಅದಕ್ಕಿಂತ ತಕ್ಕದ್ದು ಸಿಕ್ಕುತ್ತಿರಲಿಲ್ಲವೆಂದೇ ತೋರುತ್ತದೆ.

ಇನ್ನು ಮುಖಪುಟದ ಎರಡನೆಯ ಹೆಸರಿನ ವಿಚಾರ. ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದನ್ನು ಬೆಳೆಸಿದವರು ಮೃದಂಗ ವಿದ್ವಾಂಸರಾದ ಟಿ.ಎ.ಎಸ್. ಮಣಿಯವರು, ಅವರ ಪತ್ನಿ, ಗಾಯಕಿ ಆರ್.ಎ. ರಾಮಮಣಿಯವರು ಈ ಕಾರ್ಯದಲ್ಲಿ ಸಮಭಾಗಿಗಳು. ತಾಳವಾದ್ಯಗಳಿಗಾಗಿಯೇ ಒಂದು ಶಾಲೆಯೆಂದರೆ ಅದರಲ್ಲಿ ಒಂದು ನಿಲುವು ಅಡಗಿದೆ. ನಮ್ಮ ಕಛೇರಿಯಲ್ಲಿ ಮೃದಂಗವನ್ನೂ ಘಟವನ್ನೂ ಪಕ್ಕವಾದ್ಯವೆಂದು ಕರೆಯುತ್ತೇವೆ. ಹೆಸರೇ ಅವುಗಳ ಸ್ಥಾನವನ್ನು ಹೇಳುತ್ತದೆ. ತನಿ ಆವರ್ತನ ಶುರುವಾದೊಡನೆ ಕಾಫಿಗೆಂದು ಎದ್ದುಹೋಗುವ ರಸಿಕರನ್ನು ನಮ್ಮ ಸಭೆಗಳಲ್ಲಿ ಕಾಣದವರಾರು? ಏಳು ತಾಳಗಳು, ಐದು ಜಾತಿಗಳು, ಅವುಗಳ ಗುಣಾಕಾರದಿಂದ 35 ತಾಳಗಳು, ಮತ್ತೆ ಅವುಗಳೊಳಗಿನ ಗತಿಭೇದಗಳು - ಈ ಲೆಕ್ಕಾಚಾರವೂ ಸೊಗಸೂ ಕೂಡಿದ ವಿದ್ಯೆ ತಾನೇ ಒಂದು ಪೂರ್ಣ ಕಲೆಯೆಂದು ನಂಬಿ, ಅದನ್ನು ಪಕ್ಕದಿಂದ ನಡುವಿಗೆ ತಂದು ಕೂರಿಸುವ ಪ್ರಯತ್ನವೇ ಈ ಶಾಲೆ.

ಈ ನಂಬಿಕೆಗೆ ಹೊರನಾಡಿನವರು ಬಹುಬೇಗ ಓಗೊಟ್ಟರು. 1970ರ ದಶಕದ ಕೊನೆಯಲ್ಲಿ ಎಂಬ್ರಿಯೋ ತಂಡದವರು ಬಸ್ಸಿನಲ್ಲಿ ಭೂಮಾರ್ಗವಾಗಿ ಜರ್ಮನಿಯಿಂದ ಭಾರತದವರೆಗೆ ಪ್ರಯಾಣ ಮಾಡಿದರು. ಆ ಪ್ರಯಾಣದ ಚಲನಚಿತ್ರವೂ ಉಂಟು. 1980ರಲ್ಲಿ ಆ ತಂಡವೂ ಬೆಂಗಳೂರಿನ ಈ ಶಾಲೆಯೂ ಕೂಡಿ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಎಂಬ್ರಿಯೋದಿಂದ ಕವಲೊಡೆದ ಡಿಸಿಡೆಂಟನ್ ಎಂಬ ಇನ್ನೊಂದು ತಂಡವೂ ಇದೇ ಶಾಲೆಯ ಕಲಾವಿದರೊಡನೆ ಕೆಲಸ ಮಾಡಿತು. ನಮ್ಮವರಲ್ಲಿಯೂ ಹೀಗೆ ಬಂದವರುಂಟು. 1970ರ ದಶಕದಲ್ಲಿ 'ಹ್ಯೂಮನ್ ಬಾಂಡೇಜ್' ಎಂಬ ದಕ್ಷಿಣ ಭಾರತದ ರಾಕ್ ತಂಡದಲ್ಲಿ ಡ್ರಮ್ ನುಡಿಸುತ್ತಿದ್ದ ರಮೇಶ್ ಶೋತಂ ಅವರು ಈ ಶಾಲೆಗೆ ಬಂದು ತವಿಲ್ ಮೊದಲಾದ ವಾದ್ಯಗಳನ್ನು ಕಲಿತು, ಮುಂದೆ ಜರ್ಮನಿಯಲ್ಲಿ ನೆಲೆಸಿ ಹೆಸರಾದರು. ಹೀಗೆ ಹೊರಗಿನ ರಾಕ್ ತಂಡದವರಿಗೂ ಒಳಗಿನ ರಾಕ್ ತಂಡದವರಿಗೂ ಬೆಂಗಳೂರಿನ ಒಂದು ತಾಳಶಾಲೆ ಗುರುಪೀಠವಾಯಿತೆಂಬುದು ನಮ್ಮ ಊರಿನ ಚರಿತ್ರೆಯಲ್ಲಿ ಬರೆದಿಡಬೇಕಾದ ಸಂಗತಿ.

ಮರಿಯಾನೊ 'ಜ್ಯೋತಿ'ಯನ್ನು ನುಡಿಸುವಾಗ ಅವರಿಗೆ 59 ವಯಸ್ಸು. ಎಂಬ್ರಿಯೋವನ್ನು ಬಿಟ್ಟು ವರ್ಷಗಳೇ ಆಗಿದ್ದುವು. ರಾಕ್ ತಂಡದಿಂದ ಹೊರಬಂದ ಕಲಾವಿದರು ತಮ್ಮ ಹೆಸರಿನಲ್ಲಿ ಮುದ್ರಿಕೆ ತರುವ ಪದ್ಧತಿ ಆ ಲೋಕದಲ್ಲಿ ಸಾಮಾನ್ಯವಾದುದು. ತಂಡದಲ್ಲಿದ್ದಾಗ ತನ್ನ ಪ್ರತಿಭೆಗೆ ಎಡೆ ಸಾಲಲಿಲ್ಲ, ಈಗ ನೋಡಿರಿ ನನ್ನ ಪೂರ್ಣರೂಪವನ್ನು - ಎಂಬ ಧಾಟಿ ಅಂತಹ ಮುದ್ರಿಕೆಗಳಲ್ಲಿ ಬಹುಮಟ್ಟಿಗೆ ಕೇಳಿಬರುತ್ತದೆ. ಅದು ತಪ್ಪೇನೂ ಅಲ್ಲ. ಆದರೆ 'ಜ್ಯೋತಿ'ಯ ಧಾಟಿ ಬೇರೆ.

ಆರು ಭಾಗಗಳ ಈ ಮುದ್ರಿಕೆಯ ಮೊದಲ ಭಾಗದ ಹೆಸರು 'ವಾಯ್ಸ್ ಸೋಲೋ'. ಅಲ್ಲಿ ಕೇಳಿಸುವುದು ರಾಮಮಣಿಯವರ ಕಂಠ. ಮುಖಪುಟದಲ್ಲಿ ಮೊದಲು ಹೆಸರು ಪಡೆದವನು ಒಳಗೆ ಮೊದಲು ಬಾಯಿ ತೆರೆಯುವುದಿಲ್ಲ. ಮನೆಯೊಡತಿ ಮಾತನಾಡಿದ ಮೇಲೆ ಮಾತನಾಡುವ ಅತಿಥಿಯಂತೆ ಕಾದಿದ್ದಾನೆ. ಅನಂತರ 'ವಂದನಂ', 'ವರ್ಷಿಣಿ', 'ಸಪ್ತರ್ಷಿ', 'ಕಾರ್ತಿಕ್', 'ಭಜನ್' ಎಂಬ ಐದು ಭಾಗಗಳು ಬರುತ್ತವೆ. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಇಬ್ಬರ ಕೊನ್ನಕೋಲು, ರಾಮಮಣಿಯವರ ಗಾಯನ ಮತ್ತು ತಂಬೂರಿ - ಇಷ್ಟೇ ಇಲ್ಲಿಯ ಪರಿವಾರ. ಪಿಯಾನೋ ಇಲ್ಲ, ಗಿಟಾರ್ ಇಲ್ಲ, ಪಾಶ್ಚಾತ್ಯ ಡ್ರಮ್ ಇಲ್ಲ. ಮರಿಯಾನೊ ನುಡಿಸುವುದು ಸೊಪ್ರಾನೊ ಸ್ಯಾಕ್ಸೋಫೋನನ್ನು ಮತ್ತು ಕೊಳಲನ್ನು.

ಈ ಪಟ್ಟಿಯಲ್ಲಿ ಇಲ್ಲದುದನ್ನೂ ಗಮನಿಸಬೇಕು. ನಾಗಸ್ವರವಿಲ್ಲ! ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದರ ಬೆನ್ನು ಹತ್ತಿದವರು, ಅದನ್ನು ಯೂರೋಪಿನ ರಾಕ್ ವೇದಿಕೆಗೆ ಕೊಂಡೊಯ್ದವರು, ಕರ್ನಾಟಕ ಸಂಗೀತಗಾರರ ನಡುವೆ ಕುಳಿತಾಗ ಅದನ್ನು ಕೆಳಗಿಟ್ಟು ತಮ್ಮ ಹುಟ್ಟುವಾದ್ಯವನ್ನು ಕೈಗೆತ್ತಿಕೊಂಡರು. ಇದರ ಕಾರಣವನ್ನು ಅವರ ಬಾಯಿಂದ ಕೇಳಿದವನು ನಾನಲ್ಲ. ಆದರೆ ಮುದ್ರಿಕೆಯನ್ನು ಕೇಳುತ್ತ ಹೋದರೆ ಅದರ ಔಚಿತ್ಯ ತಾನಾಗಿಯೇ ಹೊಳೆಯುತ್ತದೆ. ಪರರ ಭಾಷೆಯನ್ನು ಕಲಿತವನು ಅದನ್ನು ಆಡಿ ತೋರಿಸುವುದು ಒಂದು ಹಂತ. ಕಲಿತದ್ದು ತನ್ನ ಸ್ವಂತ ಮಾತಿನ ಒಳಗೆ ಇಳಿದು ಅದನ್ನು ಮೃದುವಾಗಿಸುವುದು ಅದಕ್ಕಿಂತ ಮೇಲಿನ ಹಂತ. ನಾಗಸ್ವರದಲ್ಲಿ ಬೆರಳು ರಂಧ್ರವನ್ನು ಅರೆ ಮುಚ್ಚಿ ಅರೆ ತೆರೆದು, ಉಸಿರಿನ ಒತ್ತಡವನ್ನು ಏರಿಸಿ ಇಳಿಸಿ ಗಮಕವನ್ನು ಸಾಧಿಸುತ್ತಾರೆ. ಸ್ಯಾಕ್ಸೋಫೋನಿನಲ್ಲಿ ರಂಧ್ರಗಳನ್ನು ಮುಚ್ಚುವುದು ಲೋಹದ ಕೀಲಿಗಳು. ಅವು ಪೂರ್ತಿ ಮುಚ್ಚುತ್ತವೆ, ಇಲ್ಲವೆ ಪೂರ್ತಿ ತೆರೆಯುತ್ತವೆ. ಆ ವಾದ್ಯದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕಾದರೆ ತುಟಿ, ಗಂಟಲು, ಉಸಿರು ಮೂರೂ ಸೇರಿ ದುಡಿಯಬೇಕು. 'ಜ್ಯೋತಿ'ಯಲ್ಲಿ ಆ ದುಡಿಮೆ ಕೇಳಿಸುತ್ತದೆ; ದುಡಿಮೆಯ ಪ್ರದರ್ಶನ ಕೇಳಿಸುವುದಿಲ್ಲ.

ಇನ್ನೊಂದು ತ್ಯಾಗವೂ ಇದರಲ್ಲಿದೆ. ಜಾಝ್ ವಾದಕನ ಕಲ್ಪನೆಗೆ ಆಧಾರವಾಗಿ ಹಲವು ಸ್ವರಗಳು ಏಕಕಾಲದಲ್ಲಿ ಕೂಡಿದ ಸ್ವರಸಮೂಹಗಳಿರುತ್ತವೆ. ಅವು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ, ಆ ಬದಲಾವಣೆಯ ಮೇಲೆಯೇ ಅವನ ಚಮತ್ಕಾರವೆಲ್ಲ ನಿಂತಿರುತ್ತದೆ. ನಮ್ಮಲ್ಲಿ ಷಡ್ಜ ಅಲುಗುವುದಿಲ್ಲ. ನಲವತ್ತು ವರ್ಷ ನಡೆದಾಡಿದ ನೆಲವನ್ನೇ ತೆಗೆದುಬಿಟ್ಟರೆ ಎಂತಹ ವಾದಕನಿಗಾದರೂ ಕಾಲು ತಡವರಿಸಬೇಕು. ಇಲ್ಲಿ ತಂಬೂರಿಯ ಶ್ರುತಿಯೊಂದೇ ಆಧಾರ. ಬದಲಾಗುವುದೇನಿದ್ದರೂ ತಾಳದ ಗತಿ. ಆ ಗತಿಗಳಲ್ಲಿ ಮರಿಯಾನೊ ಎಡವದೆ ನಡೆಯುತ್ತಾರೆ. ರಾಮಮಣಿಯವರ ಕಂಠಕ್ಕೆ ಸ್ಯಾಕ್ಸೋಫೋನು ಜೊತೆಗೂಡಿದಾಗ ಎರಡು ನಾದಗಳ ನಡುವೆ ಗೆರೆ ಕಾಣದ ಕ್ಷಣಗಳುಂಟು.

ಹಾಗೆಂದು ಇದನ್ನು ಅತಿಯಾಗಿ ಹೊಗಳುವುದು ನನ್ನ ಉದ್ದೇಶವಲ್ಲ. ರಾಗದ ವಿಸ್ತಾರವಾದ ಆಲಾಪನೆಯನ್ನು, ಕೃತಿಯ ಸಾಹಿತ್ಯಸುಖವನ್ನು ಬಯಸಿ ಬರುವವರಿಗೆ ಇಲ್ಲಿ ಅರ್ಧ ಹೊಟ್ಟೆಯೇ ಸರಿ. ಭಾಗಗಳು ಕಿರಿದು, ಒಂದು ಭಾವ ಬೇರೂರುವ ಮೊದಲೇ ಮುಗಿದುಹೋಯಿತೆನಿಸುವ ಎಡೆಗಳಿವೆ. ಜಾಝ್ ಪ್ರಿಯರಿಗೂ ಇದೇ ಬಗೆಯ ಆಕ್ಷೇಪವಿರಬಹುದು: ಮರಿಯಾನೊ ಅವರ ಹಿಂದಿನ ಬಿಸುಪು ಇಲ್ಲಿ ತಣ್ಣಗಾಗಿದೆಯಲ್ಲ ಎಂದು. ಎರಡು ಪಕ್ಷದವರ ದೂರಿನಲ್ಲಿಯೂ ಸತ್ಯಾಂಶವುಂಟು. ಆದರೆ ಎರಡು ಸಂಗೀತಗಳು ಕೂಡಿದವೆಂದು ಹೇಳಿಕೊಳ್ಳುವ ಬಹುಪಾಲು ಪ್ರಯೋಗಗಳಲ್ಲಿ ಒಂದು ಇನ್ನೊಂದರ ಮೇಲೆ ಒಗ್ಗರಣೆಯಂತೆ ಬಿದ್ದಿರುತ್ತದೆ. ತಬಲವನ್ನೋ ಸಿತಾರನ್ನೋ ಹಿಂದೆ ಕೂರಿಸಿ ಮುಂದೆ ಎಂದಿನ ಹಾಡನ್ನೇ ಹಾಡುವುದು ಸುಲಭ. ಪ್ರಸಿದ್ಧನಾದ ಅತಿಥಿ ತಾನು ಪಕ್ಕವಾದ್ಯದವರ ಲೆಕ್ಕಕ್ಕೆ ತಲೆಬಾಗಿ, ಪಕ್ಕವಾದ್ಯವೇ ನಡುವೆ ಕುಳಿತಿರುವ ಕೂಟದಲ್ಲಿ ಒಬ್ಬನಾಗುವುದು ಅಪರೂಪ. 'ಜ್ಯೋತಿ'ಯ ಬೆಲೆಯಿರುವುದು ಇಲ್ಲಿ.

ಈ ಕಥೆಗೆ ನಮ್ಮ ನಾಡಿನಲ್ಲಿಯೇ ಒಂದು ಪ್ರತಿಬಿಂಬವುಂಟು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು 1949ರಲ್ಲಿ ನಾಗಸ್ವರ ವಿದ್ವಾಂಸರೊಬ್ಬರ ಮಗನಾಗಿ ಹುಟ್ಟಿ, ತಂದೆಯವರಿಂದ ನಾಗಸ್ವರವನ್ನು ಕಲಿತರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮನಸೋತು, ಅದನ್ನು ಹಿಡಿದು ವರ್ಷಗಟ್ಟಲೆ ಪಳಗಿಸಿ, ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ತೀರಿಕೊಂಡರು. ಒಬ್ಬರು ನಾಗಸ್ವರದಿಂದ ಸ್ಯಾಕ್ಸೋಫೋನಿಗೆ ಹೋದವರು. ಇನ್ನೊಬ್ಬರು ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ ಬಂದು ಮತ್ತೆ ಸ್ಯಾಕ್ಸೋಫೋನಿಗೆ ಮರಳಿದವರು. ಕದ್ರಿಯವರನ್ನು ನಾವು ಬಲ್ಲೆವು, ಹೆಮ್ಮೆಯಿಂದ ನೆನೆಯುತ್ತೇವೆ. ಅದು ಸರಿಯಾದುದೇ. ಅವರ ಸಾಧನೆ ಸಭೆಯ ಗೂಡಿನೊಳಗೆ ಹಿಡಿಸುವಂತಿತ್ತು: ವಾದ್ಯ ಹೊಸದಾದರೂ ಕಛೇರಿ ಕಛೇರಿಯೇ ಆಗಿತ್ತು. 'ಜ್ಯೋತಿ'ಗೆ ಅಂತಹ ಗೂಡು ಸಿಕ್ಕಲಿಲ್ಲ.

ಸಿಕ್ಕದಿರಲು ಲೌಕಿಕವಾದ ಕಾರಣಗಳೂ ಇದ್ದುವೆನ್ನಿ. 1980ರ ದಶಕ ನಮ್ಮಲ್ಲಿ ಕ್ಯಾಸೆಟ್ಟಿನ ಯುಗ. 1978ರಲ್ಲಿ 'ನಿತ್ಯೋತ್ಸವ' ಬಂದ ಮೇಲೆ ಕನ್ನಡದ ಭಾವಗೀತೆ ಕ್ಯಾಸೆಟ್ಟಿನ ಮೂಲಕ ಮನೆಮನೆಗೂ ನಡೆದುಹೋಯಿತು. ಆ ಹೊತ್ತಿನಲ್ಲಿ ಹೊರದೇಶದ ತಟ್ಟೆಯೊಂದನ್ನು ತರಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ತರಿಸಿದರೆ ಸಾಮಾನ್ಯ ಅಧ್ಯಾಪಕನ ಸಂಬಳಕ್ಕೆ ಅದು ಹೊರೆಯಾಗುತ್ತಿತ್ತು. ಜರ್ಮನಿಯ ಅಂಗಡಿಯಲ್ಲಿ ಅದು ಜಾಝ್ ಎಂಬ ಸಾಲಿನಲ್ಲಿ ನಿಂತಿತು. ಅಲ್ಲಿಯ ಕೊಳ್ಳುವವರಿಗೆ ಅದು ಜಾಝಿನಂತೆ ಕೇಳಿಸಲಿಲ್ಲ. ಇಲ್ಲಿ ಅದನ್ನು ಕೇಳಿದ ಕೆಲವರಿಗೂ ಅದು ಕರ್ನಾಟಕ ಸಂಗೀತದಂತೆ ಕೇಳಿಸಿರಲಾರದು. ಆದರೆ ಈ ಕಾರಣಗಳ ಕಾಲ ಮುಗಿದು ಬಹುದಿನವಾಯಿತು. 2017ರಲ್ಲಿ ಇ.ಸಿ.ಎಂ. ಸಂಸ್ಥೆಯವರು ತಮ್ಮ ಮುದ್ರಿಕೆಗಳ ಭಂಡಾರವನ್ನು ಅಂತರಜಾಲದಲ್ಲಿ ಕೇಳಲು ತೆರೆದಿಟ್ಟರು. ಇನ್ನೂ ಕೇಳದಿದ್ದರೆ ಅದು ಎಟುಕದ ಕಾರಣದಿಂದಲ್ಲ. ಅಂತಹುದೊಂದುಂಟೆಂದು ಯಾರೂ ಹೇಳದ ಕಾರಣದಿಂದ. ಎಲ್ಲವೂ ದೊರಕುವ ಕಾಲದಲ್ಲಿ ಹೇಳುವವರ ಅಗತ್ಯ ಕಡಮೆಯಾಗುತ್ತದೆಂದು ಭಾವಿಸಿದ್ದೆವು. ಆದದ್ದು ಬೇರೆ. ಕಣಜ ದೊಡ್ಡದಾದಷ್ಟೂ ಇಂತಹ ಮೂಲೆಯಲ್ಲಿ ಇಂತಹ ಕಾಳುಂಟೆಂದು ತೋರಿಸುವವರು ಹೆಚ್ಚು ಬೇಕಾಗುತ್ತಾರೆ.

ಈ ಸಂದರ್ಭದಲ್ಲಿ ಮೈಸೂರಿನ ಒಂದು ಹಳೆಯ ಸಂಗತಿ ನೆನಪಾಗದೆ ಇರದು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರರು ತಮ್ಮ ಕೊನೆಗಾಲದಲ್ಲಿ ಲಂಡನ್ನಿನಲ್ಲಿದ್ದರು. ಲೋಕ ಅವರನ್ನು ಬಹುಮಟ್ಟಿಗೆ ಮರೆತಿತ್ತು. 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಧನಸಹಾಯ ಮಾಡಿದವರು ಶ್ರೀ ಜಯಚಾಮರಾಜ ಒಡೆಯರು. ಕೃತಜ್ಞರಾದ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಆ ಮುದ್ರಿಕೆಗಳು ಇಲ್ಲದಿದ್ದರೆ ಅವರ ಕೈಬೆರಳಿನ ಧ್ವನಿ ಇಂದಿನವರಿಗೆ ಅಷ್ಟು ಪೂರ್ಣವಾಗಿ ಉಳಿಯುತ್ತಿರಲಿಲ್ಲ. ಕರ್ನಾಟಕ ಸಂಗೀತದಲ್ಲಿ ಸ್ವತಃ ಕೃತಿಗಳನ್ನು ರಚಿಸಿದ ಒಡೆಯರಿಗೆ ಮೆಟ್ನರ್ ಯಾವ ಗೂಡಿಗೆ ಸೇರಿದವರು ಎಂಬ ಪ್ರಶ್ನೆ ಅಡ್ಡಬರಲಿಲ್ಲ. ಒಳ್ಳೆಯದು ಮರೆತುಹೋಗುತ್ತಿದೆ, ಉಳಿಸಬೇಕು - ಇಷ್ಟೇ ಅವರ ತರ್ಕ. ದೂರದ ರಷ್ಯನ್ ಸಂಗೀತಕಾರನನ್ನು ಮರೆವಿನಿಂದ ಕಾಪಾಡಿದ ನಾಡು, ತನ್ನ ಊರಿನ ಕಂಠವೂ ಮೃದಂಗವೂ ಇರುವ ಮುದ್ರಿಕೆಯನ್ನು ಮರೆತು ಕುಳಿತರೆ ಏನೆನ್ನಬೇಕು?

ಆ ಕೂಟದವರೆಲ್ಲ ಎಂದೆಂದಿಗೂ ನಮ್ಮೊಡನಿರುವವರಲ್ಲ ಎಂಬುದನ್ನೂ ನೆನೆಯಬೇಕು. ಮರಿಯಾನೊ 2009ರ ಜೂನ್ ತಿಂಗಳಿನಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ ತೀರಿಕೊಂಡರು. ಎಂಬ್ರಿಯೋ ತಂಡದ ಬುರ್ಕಾರ್ಡ್ 2018ರಲ್ಲಿ ಹೋದರು. ನಮ್ಮ ಮಣಿಯವರು 2020ರಲ್ಲಿ ನಮ್ಮನ್ನಗಲಿದರು. ಒಂದು ಮುದ್ರಿಕೆ ಉಳಿಯಿತೆಂದರೆ ಅದರ ಚರಿತ್ರೆ ಉಳಿದಂತಾಗಲಿಲ್ಲ. ಯಾರು ಯಾರನ್ನು ಹೇಗೆ ಸಂಧಿಸಿದರು, ಹೊರಗಿನಿಂದ ಬಂದ ಡ್ರಮ್ ವಾದಕನಿಗೆ ಮೊದಲ ಪಾಠವಾಗಿ ಏನನ್ನು ಹೇಳಿಕೊಟ್ಟರು, ಕೊನ್ನಕೋಲಿನ ಸೊಲ್ಲುಗಳನ್ನು ಆತ ಯಾವ ಲಿಪಿಯಲ್ಲಿ ಬರೆದುಕೊಂಡ, ಯಾವ ಲೆಕ್ಕ ತಪ್ಪಿದಾಗ ಎಲ್ಲರೂ ನಕ್ಕರು - ಇವೆಲ್ಲ ಬದುಕಿರುವ ಶಿಷ್ಯರ, ಸಹವಾದಕರ ನೆನಪಿನಲ್ಲಿ ಮಾತ್ರ ಇರುವಂತಹವು. ಸಾಹಿತ್ಯದ ವಿಷಯದಲ್ಲಿ ನಾವು ಇಷ್ಟು ಉದಾಸೀನರಲ್ಲ. ಕವಿಯೊಬ್ಬನ ಹಸ್ತಪ್ರತಿಯ ಒಂದು ಹಾಳೆ ಸಿಕ್ಕರೂ ಅದನ್ನು ಸಂಪಾದಿಸಿ ಅಚ್ಚು ಹಾಕುತ್ತೇವೆ. ಧ್ವನಿಗೂ ಆ ಗೌರವ ಸಲ್ಲಬೇಡವೇ?

ಬೆಂಗಳೂರಿನಲ್ಲಿ ಈ ಕಡೆಗೆ ಕೆಲಸ ನಡೆದೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಸಂಗ್ರಹಿಸಿ ಕೇಳಲು ಒದಗಿಸುವ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಎಂಬ ಸಂಸ್ಥೆಯನ್ನು ವಿಕ್ರಮ್ ಸಂಪತ್ ಅವರು ಕಟ್ಟಿದ್ದಾರೆ. 2019ರಲ್ಲಿ ಜೆ.ಪಿ. ನಗರದಲ್ಲಿ ಭಾರತೀಯ ಸಂಗೀತದ ವಸ್ತುಸಂಗ್ರಹಾಲಯವೊಂದು ಬಾಗಿಲು ತೆರೆಯಿತು. ಇವು ಸ್ತುತ್ಯವಾದ ಪ್ರಯತ್ನಗಳು. ನಾನು ಕೇಳುವುದು ಇದಕ್ಕಿಂತ ಚಿಕ್ಕದನ್ನು, ಮನೆಗೆ ಹತ್ತಿರವಾದುದನ್ನು. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿದೆ. ಬಸವನಗುಡಿಯಲ್ಲಿ 1945ರಿಂದ ವಿಶ್ವಸಂಸ್ಕೃತಿಯ ಹೆಸರಿನಲ್ಲಿಯೇ ನಡೆದುಬಂದಿರುವ ಸಂಸ್ಥೆಯಿದೆ. ಅದೇ ವರ್ಷ ಡಿ.ವಿ.ಜಿ.ಯವರು ಹುಟ್ಟುಹಾಕಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಮಲ್ಲೇಶ್ವರದ ಕಾಲೇಜುಗಳಲ್ಲಿ ಗ್ರಂಥಾಲಯಗಳಿವೆ. ಇಂತಹ ಎಡೆಗಳಲ್ಲಿ ಪುಸ್ತಕದ ಕೋಣೆಯ ಪಕ್ಕಕ್ಕೆ ಕೇಳುವ ಕೋಣೆಯೊಂದಿರಲಿ. ತಿಂಗಳಿಗೊಂದು ಸಂಜೆ, ಈ ಊರಿನಲ್ಲಿ ಹುಟ್ಟಿದ ಅಥವಾ ಈ ಊರಿನವರು ಸೇರಿ ಮಾಡಿದ ಒಂದು ಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿ, ಬಲ್ಲವರೊಬ್ಬರಿಂದ ಹತ್ತು ನಿಮಿಷ ಮಾತನಾಡಿಸಲಿ. ಇದಕ್ಕೆ ಬೇಕಾದುದು ಎರಡು ಒಳ್ಳೆಯ ಧ್ವನಿವರ್ಧಕಗಳು, ಮೂವತ್ತು ಕುರ್ಚಿಗಳು, ಸ್ವಲ್ಪ ಮೌನ. ಆ ಸಂಜೆ ಆಡಿದ ಮಾತುಗಳನ್ನು ಬರೆದಿಟ್ಟರೆ ಕೆಲವೇ ವರ್ಷಗಳಲ್ಲಿ ಊರಿನ ಧ್ವನಿಚರಿತ್ರೆಯೊಂದು ಸಿದ್ಧವಾದೀತು.

ಯಾರು ಬಂದಾರು, ಯಾರು ಕೇಳಿಯಾರು ಎಂದು ಕೆಲವರು ಕೇಳಬಹುದು. ಅವರಿಗೆ ನನ್ನ ಉತ್ತರವಿಷ್ಟೆ. ಗಾಂಧಿಬಜಾರಿನ ಸುತ್ತಮುತ್ತಲಿನ ಬೀದಿಗಳಲ್ಲಿ ಸಂಜೆ ನಡೆದುಹೋಗಿರಿ. ಒಂದು ಮನೆಯ ಕಿಟಕಿಯಿಂದ ಮಕ್ಕಳು ತಾಳ ಹಾಕುತ್ತ ಸೊಲ್ಲು ಒಪ್ಪಿಸುವುದು ಕೇಳಿಸುತ್ತದೆ. ಅದೇ ಮನೆಯ ಮಾಳಿಗೆಯಿಂದ ಗಿಟಾರಿನ ಸದ್ದು ಕೇಳಿಸುತ್ತದೆ. ಬಹುಮಟ್ಟಿಗೆ ಕೆಳಗೆ ಕಲಿಯುವ ಹುಡುಗಿಗೂ ಮೇಲೆ ನುಡಿಸುವ ಅಣ್ಣನಿಗೂ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಬೇಡವಾದುದೆಂಬ ಭಾವನೆಯಿದೆ. ಒಂದು ನಮ್ಮದು ಹಳತು, ಇನ್ನೊಂದು ಅವರದು ಹೊಸತು ಎಂದು ಹಿರಿಯರೂ ಆ ಭಾವನೆಗೆ ನೀರೆರೆಯುತ್ತೇವೆ. ಈ ಇಬ್ಬರನ್ನೂ ಒಟ್ಟಿಗೆ ಕೂರಿಸಿ 'ಜ್ಯೋತಿ'ಯನ್ನು ಕೇಳಿಸಬೇಕು. ಜಾಝಿನಲ್ಲಿಯೂ ರಾಕ್ ತಂಡದಲ್ಲಿಯೂ ಹೆಸರು ಮಾಡಿದ, ಅರವತ್ತರ ಹೊಸ್ತಿಲಿನಲ್ಲಿದ್ದ ಒಬ್ಬ ಕಲಾವಿದ, ತನ್ನ ಊರಿನವರೇ ಆದ ಗಾಯಕಿಯೊಬ್ಬರ ಸ್ವರಕ್ಕೆ ಕಿವಿಗೊಟ್ಟು, ಅವರು ಮುಗಿಸುವವರೆಗೆ ಕಾದು, ತಾನು ಸೇರಬೇಕಾದ ಅಕ್ಷರಕ್ಕೆ ಸರಿಯಾಗಿ ಸೇರಿಕೊಂಡನೆಂದು ಆ ಹುಡುಗಿ ಅರಿಯಲಿ. ಗಿಟಾರ್ ಹಿಡಿದ ಹುಡುಗನೂ ತಾನು ದೂರದಲ್ಲಿ ಹುಡುಕುತ್ತಿರುವ ಲಯದ ಗುಟ್ಟನ್ನು ಕಲಿಯಲು ದೂರದವರು ಅವನ ಊರಿಗೇ ಬಂದಿದ್ದರೆಂದು ಅರಿಯಲಿ.

ಅರಿತ ಮೇಲೆ ಅವರೇನು ಮಾಡುತ್ತಾರೆಂಬುದು ಅವರಿಗೆ ಬಿಟ್ಟದ್ದು. ಅವರ ಕಿವಿಗೆ ಅದನ್ನು ತಲುಪಿಸುವುದು ನಮ್ಮ ಕೆಲಸ; ಅಧ್ಯಾಪಕರು, ಗ್ರಂಥಪಾಲಕರು, ಪತ್ರಿಕೆಯವರು, ಸಭೆಗಳನ್ನು ನಡೆಸುವವರು, ಎಲ್ಲರೂ ಇದರಲ್ಲಿ ಪಾಲುದಾರರು. ನಾಲ್ಕು ಗೂಡುಗಳಿರುವ ಗೋಡೆಯಲ್ಲಿ ಐದನೆಯದೊಂದನ್ನು ಕೊರೆಯುವುದು ಅಷ್ಟೇನೂ ಕಷ್ಟವಲ್ಲ.